ಜೀಪು ಮುಟ್ಟಲಿಲ್ಲ, ಹುಡುಗ ಉಳಿಯಲಿಲ್ಲ. ಕೇಸು ಯಾರ ಮೇಲೆ?

ತೋಟದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆ, ಅಡಿಕೆ ತೋಟ ಮಾಡ್ಕೊಂಡಿರೋ ಮನೆ. ತಾಲೂಕು, ಠಾಣೆ ಹೆಸರು ಬರೆಯಲ್ಲ, ದಯವಿಟ್ಟು ಕೇಳಬೇಡಿ. ಕಾನೂನು ಗೊತ್ತಿದ್ದವರು, ಇಲಾಖೆಯಲ್ಲಿ ಇದ್ದವರು ಯಾರಾದ್ರೂ ಇದ್ರೆ ಉತ್ತರ ಹೇಳಿ.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೊಂದು ವರ್ಷ. ಐಟಿಐ ಮುಗಿಸಿ ಶಿವಮೊಗ್ಗದಲ್ಲಿ ಗ್ಯಾರೇಜ್ ಕೆಲಸ ಕಲೀತಿದ್ದ. ಶನಿವಾರ ಮನೆಗೆ ಬಂದಿದ್ದ, ಆವತ್ತು ಪಕ್ಕದ ಊರಲ್ಲಿ ಬಯಲಾಟ ಇತ್ತು. ನೆರೆಮನೆ ಹುಡುಗನ ಜೊತೆ ಅವನ ಬೈಕಲ್ಲಿ ಹೋದ. ನಮ್ಮ ಕಡೆ ನೆರೆಮನೆ ಅಂದ್ರೆ ನಡುವೆ ಒಂದು ತೋಟ, ಒಂದು ಹಳ್ಳ ಇರ್ತದೆ, ಆದ್ರೂ ಎರಡೂ ಮನೆಗೆ ಬರೋದು ಒಂದೇ ಅಬ್ಬಿ (ಗುಡ್ಡದ ಝರಿ) ನೀರು. ಆ ಹುಡುಗನಿಗೆ ಹತ್ತೊಂಬತ್ತು. ಡಿಎಲ್ ಮಾಡ್ಸಿಲ್ಲ. ಬೈಕು ಅವನ ಅಪ್ಪನ ಹೆಸರಲ್ಲಿದೆ. ಇಬ್ರ ತಲೆಗೂ ಹೆಲ್ಮೆಟ್ ಇರಲಿಲ್ಲ.

ಆಟ ಅರ್ಧಕ್ಕೇ ಬಿಟ್ಟು ಹೊರಟಿದಾರೆ. ರಾತ್ರಿ ಒಂದೂವರೆ ಹೊತ್ತಿಗೆ ಸೇತುವೆ ಆಚೆ ಗಸ್ತಿನ ಜೀಪು ನಿಂತಿತ್ತು. ಟಾರ್ಚ್ ಬಿಟ್ಟು ಕೈ ಅಡ್ಡ ಹಾಕಿದ್ರು. ಹುಡುಗ ಹೆದರಿ ನಿಲ್ಲಿಸದೆ ಪಕ್ಕದಿಂದ ನುಗ್ಸಿದ. ಜೀಪು ಹಿಂದೆ ಬಂತು. ಅಲ್ಲಿಂದ ಮುಂದೆ ಕಾಡಿನ ರಸ್ತೆ, ಬದಿಗೆ ಬಿಳಿ ಪಟ್ಟಿನೂ ಇಲ್ಲ. ಎರಡನೇ ತಿರುವಲ್ಲಿ ಬೈಕು ಮೋರಿಕಟ್ಟೆಗೆ ಹೊಡೀತು. ಓಡಿಸ್ತಿದ್ದವನಿಗೆ ಕಾಲು ಮುರೀತು. ಹಿಂದೆ ಕೂತಿದ್ದ ನಮ್ಮ ಹುಡುಗ ಕಟ್ಟೆ ದಾಟಿ ಕೆಳಗಡೆ ಕಲ್ಲಿನ ಮೇಲೆ ಬಿದ್ದ.

ಒಂದು ಮಾತು ನ್ಯಾಯವಾಗಿ ಹೇಳ್ಬೇಕು. ಆಸ್ಪತ್ರೆಗೆ ಎತ್ತಿಕೊಂಡು ಹೋದವರು ಅದೇ ಜೀಪಿನವರು. ಅಂಬುಲೆನ್ಸ್ ಬರಲಿ ಅಂತ ಕಾಯ್ತಾ ಕೂರಲಿಲ್ಲ. ಅದರಲ್ಲಿ ಒಬ್ಬ ಪೇದೆ ಬೆಳಗಿನ ತನಕ ವಾರ್ಡ್ ಬಾಗಿಲಲ್ಲೇ ನಿಂತಿದ್ದ, ನಮ್ಮ ಮುಖ ನೋಡೋಕೆ ಆಗದೆ ತಲೆ ತಗ್ಗಿಸ್ಕೊಂಡು.

ಈಗ ಎಫ್‌ಐಆರ್ ಪ್ರತಿ ಕೈಗೆ ಬಂದಿದೆ. ಬೈಕ್ ಓಡಿಸ್ತಿದ್ದ ಹುಡುಗನ ಮೇಲೆ ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ದಂಡ ಕಾಯ್ದೆ) 281 ಮತ್ತು 106(1), ಅಂದ್ರೆ ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು. "ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು ರಸ್ತೆ ಬದಿಯ ಮೋರಿಗೆ ಡಿಕ್ಕಿ ಹೊಡೆಸಿ" ಅಂತ ಇದೆ. ಪೂರ್ತಿ ಮೂರು ಸಲ ಓದಿದೆ. ಹಿಂದೆ ಜೀಪು ಬರ್ತಿತ್ತು ಅನ್ನೋ ಮಾತೇ ಇಲ್ಲ. ಗಸ್ತಿನಲ್ಲಿದ್ದಾಗ ಅಪಘಾತ "ಕಂಡುಬಂದಿದ್ದು" ಅಂತ ಬರೆದಿದಾರೆ.

ಚಿಕ್ಕಪ್ಪ ಆವತ್ತಿಂದ ನೆರೆಮನೆಯವರ ಜೊತೆ ಮಾತು ಬಿಟ್ಟಿದಾರೆ. ಆ ಹುಡುಗನ ತಾಯಿ ಮಾತ್ರ ಸಂಜೆ ಬಂದು ಚಿಕ್ಕಮ್ಮನ ಹತ್ರ ಕೂತು ಹೋಗ್ತಾರೆ. ಊರಲ್ಲಿ ಅರ್ಧ ಜನ ಹುಡುಗನೇ ಕೊಂದ ಅಂತಾರೆ, ಅರ್ಧ ಜನ ಪೊಲೀಸರ ಮೇಲೆ ಕೇಸ್ ಹಾಕಿ ಅಂತಾರೆ. ಜೀಪು ಬೈಕಿಗೆ ತಾಗಿಲ್ಲ, ಅದು ಖಂಡಿತ, ಹುಡುಗನೇ ಹೇಳ್ತಾನೆ. ಹಂಗಾದ್ರೆ ಕಾನೂನು ಪ್ರಕಾರ ಅವರದ್ದು ಎಂತದೂ ಇಲ್ವಾ? ಕಾನೂನು ಬಿಡಿ, ಧರ್ಮವಾಗಿ ನೋಡಿದ್ರೆ ಇದು ಯಾರ ತಲೆ ಮೇಲೆ ಬರ್ತದೆ?

ಘಾಟಿ ಗಾಡಿ:

ದುಃಖದ ವಿಷಯ, ಆದ್ರೆ ನೇರವಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಲ್ಲಿಸು ಅಂದಾಗ ನಿಲ್ಲಿಸಿದ್ರೆ ಇವತ್ತು ಹುಡುಗ ಇರ್ತಿದ್ದ. ನಾನು ಪಿಕಪ್ ಓಡಿಸೋನು, ತೀರ್ಥಹಳ್ಳಿ, ಆಗುಂಬೆ, ಉಡುಪಿ, ವಾರಕ್ಕೆ ಮೂರು ಸಲ. ನನ್ನನ್ನೂ ರಾತ್ರಿ ನಿಲ್ಲಿಸ್ತಾರೆ. ನಿಲ್ತೀನಿ, ಕಾಗದ ತೋರಿಸ್ತೀನಿ, ಹೋಗ್ತೀನಿ. ಓಡಿದ್ರೆ ಹಿಂದೆ ಬರಲ್ಲ ಅಂತ ಎಲ್ಲರಿಗೂ ಗೊತ್ತಾದ್ರೆ ಮರಳು ಗಾಡಿ, ಅಡಿಕೆ ಕದ್ದವ, ಕುಡ್ದು ಓಡಿಸೋನು ಯಾವನು ನಿಲ್ತಾನೆ ಹೇಳಿ? ಓಡಿ ಬಂದ ಗಾಡಿ ಒಂದು ನನ್ನ ಎದುರು ತಿರುವಲ್ಲಿ ಬಂದಿದೆ. ಎಡಕ್ಕೆ ಚರಂಡಿಗೆ ಇಳಿಸಿದ್ದಕ್ಕೆ ಬದುಕಿದೀನಿ. ಆವತ್ತು ಹಿಂದೆ ಯಾವ ಜೀಪೂ ಇರಲಿಲ್ಲ.

ಡಿಎಲ್ ಇಲ್ಲದ ಮಗನಿಗೆ ಬೈಕ್ ಕೀ ಕೊಟ್ಟ ಅಪ್ಪನ ಮೇಲೆ ಮೊದಲು ಕೇಸ್ ಆಗ್ಬೇಕು.

ತೋಟದಮನೆ:

ಅಪ್ಪನ ಮಾತು ಒಪ್ತೀನಿ. ಆದ್ರೆ ಹಿಂದೆ ಕೂತವನಿಗೆ ಬ್ರೇಕ್ ಎಲ್ಲಿರ್ತದೆ ಸ್ವಾಮಿ? ನಿಲ್ಸೋ ನಿಲ್ಸೋ ಅಂತ ಬೆನ್ನಿಗೆ ಹೊಡೀತಿದ್ದನಂತೆ. ಇದನ್ನ ಓಡಿಸಿದ ಹುಡುಗನೇ ಅಳ್ತಾ ಹೇಳಿದ್ದು.

ಕೋರ್ಟ್ ಹಿಂದಿನ ರಸ್ತೆ:

ನಾನು ಶಿವಮೊಗ್ಗದಲ್ಲಿ ವಕೀಲಿ ಮಾಡ್ತೇನೆ, ಹೆಚ್ಚಾಗಿ ಮೋಟಾರು ಅಪಘಾತದ ಕೇಸುಗಳು. ಕಡತ ನೋಡದೆ ಇಷ್ಟು ಹೇಳಬಹುದು.

ಮೊದಲು ಕ್ರಿಮಿನಲ್ ಭಾಗ. 106(1) ಅಂದ್ರೆ ಹಳೇ ಐಪಿಸಿ 304ಎ. ಹಿಂದೆ ಎರಡು ವರ್ಷದ ತನಕ ಇದ್ದ ಶಿಕ್ಷೆ 2024ರ ಜುಲೈ 1ರಿಂದ ಐದು ವರ್ಷದ ತನಕ ಆಗಿದೆ. ನಿಮ್ಮ ನೆರೆಮನೆ ಹುಡುಗನ ತಲೆ ಮೇಲೆ ತೂಗ್ತಿರೋದು ಇದು. ಇದೇ ಕಲಮನ್ನ ಜೀಪಿನವರ ಮೇಲೆ ಹಾಕೋಕಾಗುತ್ತಾ ಅಂತ ಕೇಳಿದ್ರೆ, ಕಷ್ಟ. ನಿರ್ಲಕ್ಷ್ಯ ಇದ್ದರೆ ಸಾಲದು, ಸಾವಿಗೆ ಅದೇ ನೇರ ಮತ್ತು ಹತ್ತಿರದ ಕಾರಣ ಆಗಿರಬೇಕು ಅಂತ ಸುಪ್ರೀಂ ಕೋರ್ಟು 1965ರಲ್ಲೇ ಕುರ್ಬಾನ್ ಹುಸೇನ್ ಕೇಸಲ್ಲಿ ಹೇಳಿಬಿಟ್ಟಿದೆ. ಅದೊಂದು ಬಣ್ಣದ ಕಾರ್ಖಾನೆಯ ಬೆಂಕಿ, ಏಳು ಜನ ಸತ್ತಿದ್ರು. ಮಾಲೀಕ ಲೈಸೆನ್ಸ್ ಷರತ್ತು ಮುರಿದಿದ್ದು ನಿಜ, ಆದ್ರೆ ಸಾವಿಗೆ ನೇರ ಕಾರಣ ಕೆಲಸಗಾರನ ಅಜಾಗರೂಕತೆ ಅಂತ ಮಾಲೀಕನನ್ನ 304ಎ ಆರೋಪದಿಂದ ಬಿಟ್ರು. ಪೊಲೀಸರ ಪರ ವಕೀಲರು ಇದನ್ನೇ ಓದ್ತಾರೆ: ತಿರುವಲ್ಲಿ ಹ್ಯಾಂಡಲ್ ಹಿಡಿದಿದ್ದು ಹುಡುಗ, ನಾವಲ್ಲ.

ಕೈ ಅಥವಾ ಕಾಲು ತಾಗಿದ್ರೆ ಚಿತ್ರವೇ ಬೇರೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತಿರುಚ್ಚಿ ಹತ್ತಿರ ಹೆಲ್ಮೆಟ್ ತಪಾಸಣೆಗೆ ನಿಲ್ಲದ ದಂಪತಿಯನ್ನ ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಬೈಕಿಗೆ ಒದ್ದರು ಅನ್ನೋ ಆರೋಪ ಬಂತು, ಹೆಂಡತಿ ಬಿದ್ದು ತೀರಿಕೊಂಡ್ರು. ಅಲ್ಲಿ ಇನ್‌ಸ್ಪೆಕ್ಟರನ್ನ ಬಂಧಿಸಿದ್ದು ಬರೀ ನಿರ್ಲಕ್ಷ್ಯದ ಕಲಮಿನಲ್ಲಲ್ಲ, 304ರಲ್ಲಿ, ಅಂದ್ರೆ ಕೊಲೆಯಲ್ಲದ ನರಹತ್ಯೆ. ನಿಮ್ಮ ಕೇಸಲ್ಲಿ ಆ ರೀತಿ ಇಲ್ಲ ಅಂತ ನೀವೇ ಹೇಳ್ತಿದೀರಿ. ಇದ್ದದ್ದನ್ನ ಇದ್ದಂಗೆ ಹೇಳಿದ್ದು ನಿಮಗೆ ಮುಂದೆ ಒಳ್ಳೇದೇ ಮಾಡ್ತದೆ. ಊರವರು ಯಾರಾದ್ರೂ "ಲಾಠಿ ಬೀಸಿದ್ರು ಅಂತ ಸೇರಿಸಿ" ಅಂದ್ರೆ ಕಿವಿಗೆ ಹಾಕ್ಕೋಬೇಡಿ, ಇಡೀ ಕೇಸು ಅಲ್ಲೇ ಸಾಯ್ತದೆ.

ಬೇರೆ ದೇಶದ ನ್ಯಾಯಾಲಯಗಳೂ ಇಲ್ಲಿ ಬಂದು ತಡವರಿಸಿವೆ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ 1990ರಲ್ಲಿ ಹೆಚ್ಚುಕಮ್ಮಿ ನಿಮ್ಮದೇ ಕಥೆ. ಬೈಕಲ್ಲಿ ಹಿಂದೆ ಕೂತಿದ್ದ ಹದಿನಾರರ ಹುಡುಗ, ಹಿಂದಿಂದ ಗಂಟೆಗೆ 160 ಕಿ.ಮೀ. ತನಕ ವೇಗ ಮುಟ್ಟಿದ ಪೊಲೀಸ್ ಕಾರು. ಬೈಕು ಮಗುಚಿತು, ಕಾರು ಹುಡುಗನಿಗೇ ಬಡೀತು. ಅಲ್ಲಿನ ಸುಪ್ರೀಂ ಕೋರ್ಟು 1998ರಲ್ಲಿ, ಹಾನಿ ಮಾಡಬೇಕು ಅನ್ನೋ ಉದ್ದೇಶ ಇಲ್ಲದಿದ್ರೆ ಸಂವಿಧಾನದ ಹಕ್ಕಿನ ಅಡಿ ಆ ಅಧಿಕಾರಿ ಹೊಣೆಯಲ್ಲ ಅಂದುಬಿಡ್ತು. ಕಾರು ತಾಗಿದ್ದ ಕೇಸಲ್ಲೇ ಹಿಂಗೆ.

ಆದ್ರೆ ಜೀಪು ತಾಗಿಲ್ಲ ಅಂದ ಮಾತ್ರಕ್ಕೆ ಎಲ್ಲ ಮುಗೀತು ಅಂದ್ಕೋಬೇಡಿ. ಪರಿಹಾರದ ಕೇಸಲ್ಲಿ ಅಳತೆಗೋಲು ಬೇರೆ. ಅಲ್ಲಿ ಕೇಳೋದು ಸಾವು "ವಾಹನದ ಬಳಕೆಯಿಂದ ಉಂಟಾದದ್ದಾ" ಅಂತ. ಹೆದ್ದಾರಿಯಲ್ಲಿ ಮಗುಚಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಗಂಟೆಗಟ್ಟಲೆ ಆದ ಮೇಲೆ ಸಿಡಿದು ಜನ ಸತ್ತಾಗಲೂ ಅದು ವಾಹನದ ಬಳಕೆಯಿಂದ ಆದ ಅಪಘಾತವೇ ಅಂತ 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಜೀಪನ್ನೂ ಪ್ರತಿವಾದಿ ಮಾಡೋಕೆ ದಾರಿ ಇದೆ. ಇಬ್ಬರ ನಿರ್ಲಕ್ಷ್ಯ ಸೇರಿ ಮೂರನೆಯವ ಸತ್ತರೆ ಅವನ ಮನೆಯವರು ಇಬ್ಬರಲ್ಲಿ ಯಾರಿಂದ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು ಅಂತ 2015ರ ತೀರ್ಪಿದೆ. ಹಿಂದೆ ಕೂತವ ಓಡಿಸಿದವನ ತಪ್ಪಿಗೆ ಪಾಲುದಾರನೂ ಅಲ್ಲ.

ಇಲ್ಲಿ ನಿಮ್ಮ ಚಿಕ್ಕಪ್ಪ ಕೂತು ಯೋಚಿಸಬೇಕಾದ ಒಂದು ಸಂಗತಿ ಇದೆ. ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ಹಿಂಬದಿ ಸವಾರನಿಗೆ ವಿಮಾ ಕಂಪನಿ ಕೊಡೋದಿಲ್ಲ. ಪ್ಯಾಕೇಜ್ (ಸಮಗ್ರ) ಪಾಲಿಸಿ ಇದ್ರೆ ಕೊಡಬೇಕು, ಆದ್ರೆ ಓಡಿಸಿದವನಿಗೆ ಡಿಎಲ್ ಇಲ್ಲ. ಇಂಥ ಕೇಸುಗಳಲ್ಲಿ ಮೊದಲು ಕಂಪನಿ ಕೊಡಲಿ, ಆಮೇಲೆ ಬೈಕ್ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶ ಆಗೋದುಂಟು. ಮಾಲೀಕ ಅಂದ್ರೆ ನೆರೆಮನೆ ಯಜಮಾನ. ಅಂದ್ರೆ ಎಫ್‌ಐಆರಲ್ಲಿ ಜೀಪು ಇಲ್ಲದೇ ಹೋದ್ರೆ ಕೊನೆಗೆ ಆ ಹಣ ಬರೋದು ಅವರ ತೋಟದಿಂದ. ಎಫ್‌ಐಆರ್ ಬರೆದವರಿಗೆ ಇದು ಗೊತ್ತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ.

ಇನ್ನು ಅಧಿಕಾರಿಗಳ ಮೇಲೆ ಖಾಸಗಿ ದೂರು ಹಾಕೋ ಯೋಚನೆ ಇದ್ರೆ ಬಾಗಿಲಲ್ಲೇ ಎರಡು ಅಗುಳಿ ಇವೆ. ಕರ್ತವ್ಯದ ವೇಳೆ ಮಾಡಿದ ಕೆಲಸ ಅಂದ್ರೆ ಸರ್ಕಾರದ ಮಂಜೂರಾತಿ ಬೇಕು, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆ) 218, ಜೊತೆಗೆ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ 170. ಈ ಎರಡರ ಮೇಲೂ 2020ರಲ್ಲಿ ನಮ್ಮ ರಾಜ್ಯದ್ದೇ ಕೇಸಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. ಅದಕ್ಕೇ ನಾನಾದ್ರೆ ಅಲ್ಲಿಂದ ಶುರು ಮಾಡಲ್ಲ. ಇರೋ ಎಫ್‌ಐಆರ್ ತನಿಖೆಯಲ್ಲೇ ಬೆನ್ನಟ್ಟಿದ ಸಂಗತಿ ದಾಖಲಾಗೋ ಹಾಗೆ ಮಾಡೋದು ಮೊದಲ ಕೆಲಸ. ಆ ಗಾಯಾಳು ಹುಡುಗನ ಹೇಳಿಕೆ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 183ರ ಅಡಿ ಆಗಲಿ. ತನಿಖೆಯನ್ನ ಬೇರೆ ಠಾಣೆಗೆ ಕೊಡಿ ಅಂತ ಎಸ್‌ಪಿಗೆ ಬರೀರಿ. ತಮ್ಮದೇ ಜೀಪಿನ ವಿಚಾರ ತಾವೇ ತನಿಖೆ ಮಾಡೋದು ಯಾವ ನ್ಯಾಯ?

ಹಳೇ ಜೀಪು:

ನಾನು ಇಲಾಖೆಯಲ್ಲಿ ಚಾಲಕನಾಗಿದ್ದು ನಿವೃತ್ತಿಯಾದವನು. ಮಲೆನಾಡಿನ ಠಾಣೆಗಳಲ್ಲೇ ಸವೆದದ್ದು ಜಾಸ್ತಿ. ಮೊದಲು ಮಹೀಂದ್ರಾ ಹಳೇ ಜೀಪು, ಆಮೇಲೆ ಬೊಲೆರೊ. ತೋಟದಮನೆಯವರೇ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ಮೊದಲನೆಯದಕ್ಕೆ ವಕೀಲರಿದಾರೆ.

ಬೆನ್ನು ಹತ್ತೋದು ಅಂದ್ರೆ ಏನು ಅಂತ ಜೀಪಿನ ಒಳಗೆ ಕೂತವರಿಗೇ ಗೊತ್ತು. ಯಾರೂ ಬೆನ್ನು ಹತ್ತಬೇಕು ಅಂತ ತೀರ್ಮಾನ ಮಾಡೋದಿಲ್ಲ. ಅದು ತಾನಾಗಿ ಶುರುವಾಗ್ತದೆ. ಕೈ ಅಡ್ಡ ಹಾಕಿದ ಪೇದೆಯ ಪಕ್ಕದಿಂದ ಗಾಡಿ ಸೀಳಿಕೊಂಡು ಹೋಯ್ತು, ಅವನು ಹಾರಿ ಪಕ್ಕಕ್ಕೆ ಬಿದ್ದ, ಸಾಹೇಬರು ಹತ್ತಿದ್ರು, ನಾನು ಕೀ ತಿರುಗಿಸಿದೆ. ಅಷ್ಟರಲ್ಲಿ ಎಲ್ಲರ ಎದೆ ಹೊಡ್ಕೋತಿರ್ತದೆ. ಆ ಗಳಿಗೆಯಲ್ಲಿ ಎದುರಿಗೆ ಓಡ್ತಿರೋದು ಹೆಲ್ಮೆಟ್ ಇಲ್ಲದ ಹುಡುಗ ಅನ್ನೋದು ಮರೆತು ಹೋಗ್ತದೆ. ನಮ್ಮನ್ನ ಧಿಕ್ಕರಿಸಿದ ಅನ್ನೋದೊಂದೇ ತಲೆಯಲ್ಲಿ ಉಳಿಯೋದು. ಎಡಗಡೆ ಕೂತವರು "ಬಿಡ್ಬೇಡ, ಬಿಡ್ಬೇಡ" ಅಂತಿರ್ತಾರೆ. ಅವರ ಕಾಲು ಆಕ್ಸಿಲರೇಟರ್ ಮೇಲಿರೋದಿಲ್ಲ, ನನ್ನದಿರ್ತದೆ.

ಈಗ ಬೈಕಿನವನ ಕಡೆಯಿಂದ ನೋಡಿ. ನಮ್ಮ ರಸ್ತೆಗಳಲ್ಲಿ ರಾತ್ರಿ ಹಿಂದಿನಿಂದ ಜೀಪು ಹೈ ಬೀಮ್ ಹಾಕಿ ಬಂದ್ರೆ ಎರಡು ಕೆಲಸ ಆಗ್ತದೆ. ಅವನ ಕನ್ನಡಿ ತುಂಬ ಬೆಳಕು, ಅದು ಕಣ್ಣಿಗೆ ಹೊಡೀತದೆ. ಎದುರಿಗೆ ಅವನದೇ ನೆರಳು ಉದ್ದಕ್ಕೆ ರಸ್ತೆ ಮೇಲೆ ಬೀಳ್ತದೆ, ಬೈಕಿನ ಲೈಟು ಅದರೊಳಗೆ ಕರಗಿ ಹೋಗ್ತದೆ. ತಿರುವು ಎಲ್ಲಿ ಶುರು ಅಂತ ಕಾಣೋದಿಲ್ಲ. ಸಾಲದ್ದಕ್ಕೆ ತಿರುಗಿ ತಿರುಗಿ ನೋಡ್ತಾನೆ. ಜೀಪು ಎಷ್ಟು ದೂರದಲ್ಲಿದೆ ಅನ್ನೋದು ಅವನಿಗೆ ಮುಖ್ಯ, ಮುಂದೆ ಏನಿದೆ ಅನ್ನೋದಲ್ಲ. ಬೈಕು ರಸ್ತೆ ಬಿಡೋದು ಆ ತಿರುಗಿ ನೋಡಿದ ಹೊತ್ತಲ್ಲೇ. ಮರದ ನೆರಳಿರೋ ಕಡೆ ಬೇಸಿಗೆಯಲ್ಲೂ ಡಾಂಬರಿನ ಅಂಚಲ್ಲಿ ಪಾಚಿ, ತರಗು ಇರ್ತದೆ, ಒಂದು ಗೇಣು ಹೊರಗೆ ಹೋದ್ರೆ ಮುಗೀತು. ಹಾಗಾಗಿ "ಜೀಪು ತಾಗಿಲ್ಲ" ಅನ್ನೋ ಮಾತು ನನಗೆ ದೊಡ್ಡದಲ್ಲ. ತಾಗದೇನೇ ರಸ್ತೆಯಿಂದ ಆಚೆ ತಳ್ಳಬಹುದು. ಚಾಲಕರಾದವರಿಗೆಲ್ಲ ಇದು ಗೊತ್ತು, ಯಾರೂ ಬರೆದುಕೊಡೋದಿಲ್ಲ.

ಘಾಟಿ ಗಾಡಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ಬೆನ್ನು ಹತ್ತಲೇಬೇಕಾದ ಸಂದರ್ಭ ಇರ್ತವೆ. ಮಗುವನ್ನ ಎತ್ತಿಕೊಂಡು ಹೋದವನಿದ್ರೆ, ಕೊಚ್ಚಿ ಓಡ್ತಿರೋನಿದ್ರೆ, ನಾನು ಇವತ್ತೂ ಗಾಡಿ ಬಿಡ್ತೀನಿ. ಕಾನೂನಲ್ಲೇ ಆ ತೂಕ ಇದೆ. ಬಂಧಿಸೋಕೆ ಅಗತ್ಯ ಬಲ ಬಳಸಬಹುದು, ಆದ್ರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನ ಜೀವ ತೆಗೆಯೋ ಹಕ್ಕು ಯಾರಿಗೂ ಇಲ್ಲ ಅಂತ ಟ್ರೈನಿಂಗಲ್ಲೇ ಬಾಯಿಪಾಠ ಮಾಡಿಸಿದ್ರು, ಆಗ ಸಿಆರ್‌ಪಿಸಿ 46, ಈಗ ಬಿಎನ್‌ಎಸ್‌ಎಸ್ 43. ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮ ರಾಜ್ಯದಲ್ಲಿ ದಂಡ 500 ರೂಪಾಯಿ. ಐನೂರು ರೂಪಾಯಿಗೆ ಎಷ್ಟು ಸ್ಪೀಡಲ್ಲಿ ಹೋಗಬಹುದು ಅಂತ ಯಾವ ಸಾಹೇಬರೂ ನನಗೆ ಹೇಳಿಕೊಟ್ಟಿಲ್ಲ.

ಒಬ್ಬ ಪಿಎಸ್‌ಐ ಇದ್ರು, ಹೆಸರು ಬೇಡ, ಈಗ ಬೇರೆ ಜಿಲ್ಲೆ. ಬೈಕೊಂದು ನಿಲ್ಲದೆ ಹೋಯ್ತು. ನಾನು ಗೇರ್ ಹಾಕೋಷ್ಟ್ರಲ್ಲಿ "ನಂಬರ್ ಬಂತಾ?" ಅಂದ್ರು. ಬಂತು ಸಾರ್ ಅಂದ ಪೇದೆ. "ಹಂಗಾದ್ರೆ ಆಫ್ ಮಾಡು, ಬೆಳಿಗ್ಗೆ ಹೋಗಾಣ" ಅಂದ್ರು. ವೈರ್‌ಲೆಸ್‌ನಲ್ಲಿ ಮುಂದಿನ ಠಾಣೆಗೆ ನಂಬರ್ ಕೊಟ್ರು, ಅಷ್ಟೇ. ಬೆಳಿಗ್ಗೆ ಹೋದಾಗ ಆ ಆಸಾಮಿ ಅಂಗಳದಲ್ಲಿ ಅಡಿಕೆ ಹರವ್ತಾ ಇದ್ದ. ಹೆಂಡತಿ ನಮಗೆಲ್ಲ ಕಾಫಿ ಕೊಟ್ರು, ಇವನು ತಲೆ ಎತ್ತಲಿಲ್ಲ. ದಂಡ ಕಟ್ಟಿದ. ಆ ಸಾಹೇಬರ ಜೊತೆ ಇದ್ದಷ್ಟು ದಿನ ನನಗೆ ನಿದ್ದೆ ಚೆನ್ನಾಗಿ ಬರ್ತಿತ್ತು.

ನನ್ನ ಉತ್ತರ ಇದು. ನಂಬರ್ ಕಾಣಿಸಿದ ಮೇಲೆ ಹಿಂದೆ ಹೋದದ್ದೆಲ್ಲ ಜೀಪಿನವರ ಪಾಲು. ನಿಲ್ಲಿಸದೆ ಓಡಿದ್ದು ಹುಡುಗನ ಪಾಲು, ಅದನ್ನ ಯಾರೂ ತೆಗೆಯೋಕಾಗಲ್ಲ. ಆದ್ರೆ ಹತ್ತೊಂಬತ್ತರವನ ಹೆದರಿಕೆಯನ್ನೂ, ಸಂಬಳ, ತರಬೇತಿ, ವೈರ್‌ಲೆಸ್ ಎಲ್ಲ ಇಟ್ಟುಕೊಂಡು ಕೂತವರ ಹಟವನ್ನೂ ಒಂದೇ ಸೇರಿನಲ್ಲಿ ಅಳೀಬೇಡಿ. ಮತ್ತೆ ಜೀಪಿನೊಳಗೂ ಪಾಲು ಬೇರೆ ಬೇರೆ. ನಾಳೆ ಏನಾದ್ರೂ ಜೀಪಿನ ಹೆಸರು ಬಂದ್ರೆ ಚಾಲಕನ ಮೇಲೆ ಬರ್ತದೆ, ಯಾಕಂದ್ರೆ ಲಾಗ್ ಬುಕ್ಕಲ್ಲಿ ಸಹಿ ಅವನದು. "ಬಿಡ್ಬೇಡ" ಅಂದವರ ಮಾತು ಯಾವ ಪುಸ್ತಕದಲ್ಲೂ ಇರೋದಿಲ್ಲ. ನೀವು ಕೇಸು ಹಾಕೋದಾದ್ರೆ ಎಡಗಡೆ ಸೀಟಲ್ಲಿ ಯಾರಿದ್ರು ಅಂತ ಮೊದಲು ಕೇಳಿ.

ಆವತ್ತಿನ ಜೀಪಿನ ಲಾಗ್ ಬುಕ್, ಠಾಣೆಯ ದಿನಚರಿ, ಕಂಟ್ರೋಲ್ ರೂಮಿನ ದಾಖಲೆ ಕೇಳಿ. ಬೈಕ್ ಓಡಿ ಹೋಗ್ತಿದೆ ಅಂತ ಮೈಕಲ್ಲಿ ಒಂದು ಮಾತು ಹೇಳಿದ್ರೂ ಹೊತ್ತಿನ ಸಮೇತ ಅಲ್ಲಿರ್ತದೆ. "ಕಂಡುಬಂದಿದ್ದು" ಅನ್ನೋ ಕಥೆ ಆಗ ನಿಲ್ಲೋದಿಲ್ಲ.

ಘಾಟಿ ಗಾಡಿ:

ನಂಬರ್ ಪ್ಲೇಟಿಗೆ ಕೆಸರು ಮೆತ್ತಿಕೊಂಡೋ, ಪ್ಲೇಟೇ ಬಿಚ್ಚಿಟ್ಕೊಂಡೋ ಓಡಿಸೋರನ್ನ ಏನ್ ಮಾಡ್ತೀರಿ ಯಜಮಾನ್ರೇ?

ಹಳೇ ಜೀಪು:

ದೂರದಿಂದ ಲೈಟ್ ಕಾಣೋಷ್ಟು ಅಂತರ ಬಿಟ್ಟು ಹೋಗಬೇಕು, ಮುಂದಿನ ನಾಕಾದಲ್ಲಿ ಬ್ಯಾರಿಕೇಡ್ ಹಾಕಿಸಬೇಕು. ಮಲೆನಾಡಲ್ಲಿ ಇದು ಸುಲಭ, ಒಂದು ರಸ್ತೆ ಹಿಡಿದ್ರೆ ಮುಂದಿನ ಪೇಟೆ ತನಕ ಅವನು ಎಲ್ಲಿಗೆ ಹೋಗ್ತಾನೆ? ಎರಡು ಅಡ್ಡದಾರಿ, ನಾಲ್ಕು ಮನೆ. ತಪ್ಪಿಸ್ಕೊಂಡ್ರೆ ತಪ್ಪಿಸ್ಕೊಂಡ. ಕೆಲವರು ತಪ್ಪಿಸ್ಕೋತಾರೆ, ಸುಳ್ಳು ಹೇಳಲ್ಲ.

ಗಸ್ತಿನವರ ಮನೆಯಾಕೆ:

ನಮ್ಮನೆಯವರು ಈಗಲೂ ರಾತ್ರಿ ಗಸ್ತು ಮಾಡೋರು, ಅದಕ್ಕೇ ಇದನ್ನ ಓದಿ ಸುಮ್ಮನಿರೋಕಾಗಲಿಲ್ಲ. ವಾರ್ಡ್ ಬಾಗಿಲಲ್ಲಿ ನಿಂತಿದ್ದ ಪೇದೆ ಅಂತ ಬರೆದಿದೀರಲ್ಲ, ಅಂಥ ರಾತ್ರಿ ಆದ ಮೇಲೆ ಅವರು ಮನೆಗೆ ಬಂದು ಹೆಂಗಿರ್ತಾರೆ ಅಂತ ನನಗೆ ಗೊತ್ತು. ಊಟ ಮಾಡಲ್ಲ, ಮಾತಾಡ್ಸಿದ್ರೆ ರೇಗ್ತಾರೆ.

ನಿಮ್ಮ ಅಣ್ಣತಮ್ಮಂದಿರ ದುಃಖದ ಮುಂದೆ ಇದು ದೊಡ್ಡದಲ್ಲ. ಆದ್ರೂ ಒಂದು ಹೇಳ್ತೀನಿ. ತಿಂಗಳ ಕೊನೆಗೆ ಎಷ್ಟು ಕೇಸ್ ಹಾಕಿದೀಯ ಅಂತ ಕೇಳೋರು ಮೇಲಿರ್ತಾರೆ. ರಾತ್ರಿ ಒಂದೂವರೆಗೆ ಕಾಡಿನ ಸೇತುವೆ ಹತ್ರ ಹೆಲ್ಮೆಟ್ ಹಿಡಿಯೋಕೆ ಇವರಿಗೇನು ಹುಚ್ಚಾ? 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಮೂರೂವರೆ ವರ್ಷದ ಕೂಸು ಹೋಯ್ತಲ್ಲ, ನಾಯಿ ಕಚ್ಚಿದ್ದಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ಮೂರು ಜನ ಎಎಸ್‌ಐಗಳು ಅಮಾನತಾದ್ರು. ಅದು ಸರಿಯೇ. ಆದ್ರೆ ಆ ಜಾಗದಲ್ಲಿ ನಿಂತು ಹಿಡೀರಿ ಅಂತ ಕಳಿಸಿದವರ ಹೆಸರು ಯಾವ ಪೇಪರಲ್ಲೂ ನಾನು ಓದಲಿಲ್ಲ. ಆಮೇಲೆ ಡಿಜಿ (ರಾಜ್ಯ ಪೊಲೀಸ್ ಮುಖ್ಯಸ್ಥರ) ಕಚೇರಿಯಿಂದ ಸುತ್ತೋಲೆ ಬಂತು. ರಸ್ತೆ ಮಧ್ಯ ದಿಢೀರ್ ಅಂತ ಅಡ್ಡ ನಿಲ್ಲಬೇಡಿ, ಕೀ ಕಿತ್ಕೋಬೇಡಿ, ವೇಗವಾಗಿ ಹೋಗೋ ಗಾಡಿ ಬೆನ್ನಟ್ಟಬೇಡಿ, ನಂಬರ್ ಬರ್ಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ ಅಂತ. ನಮ್ಮನೆಯವರು ಓದಿ ಹೇಳಿದ್ದು ಒಂದೇ ಮಾತು: "ಇದರ ಜೊತೆ ಕೇಸಿನ ಲೆಕ್ಕ ಕೇಳೋದೂ ನಿಲ್ಲಿಸ್ತಾರಂತಾ?"

ಕೇಸು ಹಾಕಿ, ಬೇಡ ಅನ್ನಲ್ಲ. ಚಾಲಕ ಒಬ್ಬನನ್ನ ಬಲಿ ಕೊಟ್ಟು ಉಳಿದವರು ಕೈ ತೊಳ್ಕೊಳ್ಳೋ ಹಾಗೆ ಆಗದಿರಲಿ.

ಕೋರ್ಟ್ ಹಿಂದಿನ ರಸ್ತೆ:

ಈ ತಾಯಿ ಹೇಳಿದ ಸುತ್ತೋಲೆ ನಿಮ್ಮ ಕೇಸಲ್ಲಿ ತುಂಬಾ ಮುಖ್ಯ, ನಾನು ಮೊದಲೇ ಬರೀಬೇಕಿತ್ತು. ಬೆನ್ನಟ್ಟಬೇಡಿ ಅಂತ ಇಲಾಖೆಯೇ ಹೇಳಿದ ಮೇಲೂ ಬೆನ್ನಟ್ಟಿದ್ರೆ, ಅಪಘಾತ ಪರಿಹಾರದ ಟ್ರಿಬ್ಯೂನಲ್ ಮುಂದೆ ನಿರ್ಲಕ್ಷ್ಯ ತೋರಿಸೋಕೆ ಅದಕ್ಕಿಂತ ಒಳ್ಳೆ ಕಾಗದ ಬೇರೆ ಇಲ್ಲ. ಇಲಾಖಾ ವಿಚಾರಣೆಗೂ ಅದೇ ಆಧಾರ. ಸುತ್ತೋಲೆ ಮುರಿದದ್ದೇ ಅಪರಾಧ ಆಗಲ್ಲ, ಅದು ಬೇರೆ ಮಾತು.

ತೋಟದಮನೆ:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಚಿಕ್ಕಪ್ಪನ ಎದುರು ಕೂತು ಇದನ್ನೆಲ್ಲ ಓದಿ ಹೇಳಿದೆ. ಹಳೇ ಜೀಪಿನ ಯಜಮಾನ್ರು ಬರೆದ ನೆರಳಿನ ವಿಷಯ ಬಂದಾಗ ಇನ್ನೊಂದ್ಸಲ ಓದು ಅಂದ್ರು. ಆಸ್ಪತ್ರೆಯಲ್ಲಿ ಆ ಹುಡುಗ "ಮುಂದೆ ಏನೂ ಕಾಣ್ತಿರಲಿಲ್ಲ, ಬರೀ ಕಪ್ಪು" ಅಂದಿದ್ದನಂತೆ. ತಪ್ಪಿಸ್ಕೊಳ್ಳೋಕೆ ಹೇಳ್ತಿದಾನೆ ಅಂತ ಚಿಕ್ಕಪ್ಪ ಅಂದ್ಕೊಂಡಿದ್ರು.

ಪರಿಹಾರದ ಹಣ ಕೊನೆಗೆ ನೆರೆಮನೆ ತೋಟದಿಂದ ಬರಬಹುದು ಅಂದಾಗ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿಂದ ಒಂದು ಅಡಿಕೆನೂ ಬೇಡ. ಆದ್ರೆ ಕಾಗದದಲ್ಲಿ ಜೀಪು ಬರಬೇಕು" ಅಂದ್ರು. ಚಿಕ್ಕಮ್ಮ ಒಳಗಿಂದ, ಪೊಲೀಸ್ ಹುಡುಗನ ಕೆಲಸ ಹೋಗೋ ಹಾಗೆ ಮಾಡ್ಬೇಡಿ, ಅವನೂ ಯಾರದೋ ಮಗ ಅಂದ್ರು. ಅದಕ್ಕೆ ಚಿಕ್ಕಪ್ಪ ಉತ್ತರ ಕೊಡಲಿಲ್ಲ. ನನಗೂ ಹೊಳೀಲಿಲ್ಲ. ಇಬ್ಬರಿಗೂ ಈ ವಿಚಾರದಲ್ಲಿ ಒಮ್ಮತ ಇಲ್ಲ, ಇರೋದೂ ಇಲ್ಲ ಅನ್ಸುತ್ತೆ.

ಸೇತುವೆ ಪಕ್ಕ ಒಂದು ಪೆಟ್ರೋಲ್ ಬಂಕ್ ಇದೆ, ರಸ್ತೆ ಕಡೆ ಕ್ಯಾಮೆರಾ ಇದೆ. ಬೈಕು, ಹಿಂದೆ ಜೀಪು ಎರಡೂ ಅದರಲ್ಲಿ ಸಿಕ್ಕಿರಲೇಬೇಕು. ಮಾಲೀಕರು ಪರಿಚಯದವರು, ಆದ್ರೆ ಪೊಲೀಸರು ಕೇಳದೆ ಕೊಡೋಕೆ ಹೆದರ್ತಿದಾರೆ. ವಕೀಲರೇ, ಅರ್ಜಿ ಯಾರಿಗೆ ಕೊಡೋದು, ಠಾಣೆಗಾ ಎಸ್‌ಪಿ ಕಚೇರಿಗಾ?

ಕೋರ್ಟ್ ಹಿಂದಿನ ರಸ್ತೆ:

ಎರಡಕ್ಕೂ ಕೊಡಿ, ಬಂಕ್ ಮಾಲೀಕರಿಗೂ ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಗಲಿ: ಇಂತಹ ದಿನ ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಅಳಿಸದೆ ಉಳಿಸಿ ಅಂತ. ಅವರ ಕೈಯಿಂದ ಈಗಲೇ ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬರೋ ಆತುರ ಬೇಡ, ಡಿಸ್ಕ್ ಮೂಲದಲ್ಲೇ ಉಳಿಯೋದು ಮುಖ್ಯ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬಿಎಸ್‌ಎ (ಹೊಸ ಸಾಕ್ಷ್ಯ ಕಾಯ್ದೆ) 63ರ ಪ್ರಮಾಣಪತ್ರ ಬೇಕಾಗ್ತದೆ, ಅದು ಆಮೇಲೆ. ಇಂಥ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೆ ಹೊಸದು ತಾನಾಗಿ ಬರ್ಕೊಳ್ತಾ ಹೋಗ್ತದೆ, ಈಗಾಗಲೇ ಒಂದು ತಿಂಗಳಾಗಿದೆ. ಸೋಮವಾರದ ತನಕ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಹೋಗಿ. ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳದೆ ಠಾಣೆಯಿಂದ ಹೊರಗೆ ಬರಬೇಡಿ. ಪರಿಹಾರದ ಅರ್ಜಿಗೆ ಕಾಯ್ದೆಯಲ್ಲಿ ಆರು ತಿಂಗಳು ಅಂತ ಇದೆ, ಅದಕ್ಕೆ ಮುಂದಿನ ವಾರ ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಬೈಕಿನ ಪಾಲಿಸಿ ಹಿಡ್ಕೊಂಡು ಬನ್ನಿ. ಪಾಲಿಸಿ ನೆರೆಮನೆಯವರ ಹತ್ರ ಇರ್ತದೆ. ಆ ಹುಡುಗನ ತಾಯಿ ಸಂಜೆ ಬಂದಾಗ ಚಿಕ್ಕಮ್ಮನೇ ಕೇಳಲಿ.